ಎಡಗಡೆಯ ಕೋರೆಹಲ್ಲು

ಎಡಗಡೆಯ ಕೋರೆಹಲ್ಲನ್ನು ತಾನು ಬೇಕೆಂದೇ ಓರೆಯಾಗಿ ಕೂರಿಸಿದ್ದೋ, ಇಲ್ಲಾ ಕೈ ತಾನಾಗಿಯೇ ಹಾಗೆ ಕೂರಿಸಿಬಿಟ್ಟಿತೋ ಎಂಬುದು ಅವಳಿಗೆ ಈಗ ಸರಿಯಾಗಿ ನೆನಪಾಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲ ನಿಚ್ಚಳವಾಗಿತ್ತು. ರಜೆಯ ದಿನವಾದ್ದರಿಂದ ದೊಡ್ಡ ಲ್ಯಾಬಿನ ಮೇಜುಗಳಿಗೆಲ್ಲ ಬಟ್ಟೆ ಹೊದಿಸಿದ್ದರು. ಕಿಟಕಿಯ ಪಕ್ಕದ ಮೇಜೊಂದೇ ಬಯಲಾಗಿತ್ತು. ಅಲ್ಲಿ ಅವಳೊಬ್ಬಳೇ ಕೂತು, ಲ್ಯಾಬಿನವರು ಕೊಟ್ಟ ಪ್ಲಾಸ್ಟರಿನ ಬೋಳು ವಸಡುಗಳ ಮೇಲೆ ಮೇಣದ ದಿಂಡು ಕಟ್ಟಿ, ಬಿಸಿ ಚಾಕುವಿನ ತುದಿಯಿಂದ ಒಂದೊಂದೇ ಹಲ್ಲನ್ನು ಮೇಣದಲ್ಲಿ ನೆಡುತ್ತಾ ಹೋಗಿದ್ದಳು. ಕೆಲಸ ಕೊಡುವ ಮುಂಚೆ ಕೈ ನೋಡುವ ಪರೀಕ್ಷೆ ಅದು. ಅವಳು ಹಲ್ಲು ಕಟ್ಟುವವಳು, ಈಗಿರುವುದು ಮಾಸ್ತರರೊಬ್ಬರ ಸಣ್ಣ ಲ್ಯಾಬಿನಲ್ಲಿ. ದಂತವೈದ್ಯರು ಅಳತೆ ತೆಗೆದು ಕಳಿಸುತ್ತಾರೆ, ಸೆಟ್ಟು ತಯಾರಾಗುವುದು ಮಾತ್ರ ಹಿಂದಿನ ಬೀದಿಗಳ ಇಂಥ ಲ್ಯಾಬುಗಳಲ್ಲಿ. ಬಾಯಿ ಯಾರದೋ ಏನೋ, ಅವಳು ಕಂಡವಳಲ್ಲ. ಅಂದು ಎಲ್ಲ ಮುಗಿಸಿ, ಕೈ ತೊಳೆದು ಬಂದವಳು ಒಂದು ಗಳಿಗೆ ನಿಂತು ನೋಡಿದಳು. ಸಾಲು ಅಚ್ಚುಕಟ್ಟಾಗಿತ್ತು. ಆಮೇಲೆ ಮತ್ತೆ ಚಾಕು ಬಿಸಿ ಮಾಡಿ, ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲನ್ನು ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸಿದ್ದಳು. ನೋಡೋಣ, ಮುಖಕ್ಕೆ ಹೇಳುತ್ತಾರೋ ಇಲ್ಲವೋ. ಎರಡು ದಿನ ಬಿಟ್ಟು ಫೋನು ಬಂತು. ಕೆಲಸ ಚೆನ್ನಾಗಿದೆ, ಸೋಮವಾರದಿಂದ ಬಂದುಬಿಡಿ, ಬರುವುದಾದರೆ ಗುರುವಾರ ಸಂಜೆಯೊಳಗೆ ಒಂದು ಮಾತು ತಿಳಿಸಿ ಎಂದಿತು ಯಾವುದೋ ಗಂಡಸಿನ ದನಿ. ಹಲ್ಲಿನ ಸುದ್ದಿಯೇ ಇಲ್ಲ. ಅವರಿಗೆ ಅದು ಕಾಣಲೇ ಇಲ್ಲವೆಂದರೆ ಅಂಥ ಕಣ್ಣಿಲ್ಲದ ಕಡೆ ಹೋಗಿ ಏನು ಮಾಡುವುದು? ಕಂಡೂ ಸುಮ್ಮನಿದ್ದರೆ? ಸುಮ್ಮನೆ ತಾವೇ ಸರಿಮಾಡಿಕೊಂಡಿದ್ದರೆ?

ಇವತ್ತೇ ಗುರುವಾರ. ಗಂಡ ಬಸ್ಸು ಓಡಿಸುವವನು, ಮಧ್ಯಾಹ್ನದ ಪಾಳಿ. ಬನಿಯನ್ನಿನಲ್ಲಿ ಕೂತು ಸಮವಸ್ತ್ರದ ಗುಂಡಿ ಹೊಲಿದುಕೊಳ್ಳುತ್ತಾ, ಅವಳು ಚಪ್ಪಲಿ ಹುಡುಕುವುದನ್ನು ನೋಡುತ್ತಿದ್ದ.

"ರಜೆ ಹಾಕಿದ್ಯಾ?"

"ಮಾಸ್ತರರಿಗೆ ತಲೆನೋವು ಅಂತ ಹೇಳಿದೀನಿ."

"ಮಾಸ್ತರರಿಗೆ ತಲೆನೋವಾ?"

"ನನಗೆ ರೀ."

"ಏನಂದ್ರು?"

"ಪಾಪ, ಮಲಕ್ಕೋಮ್ಮಾ ಅಂದ್ರು."

"ಮತ್ತೆ ಮಲಕ್ಕೋ. ದೊಡ್ಡವರ ಮಾತು ಮೀರಬಾರದು."

"ಆ ಲ್ಯಾಬಿನ ಎದುರು ಸ್ವಲ್ಪ ಹೊತ್ತು ಕೂತು ನೋಡ್ಕೊಂಡು ಬರ್ತೀನಿ. ಅಲ್ಲಿ ಕೆಲಸ ಬಿಟ್ಟವಳೊಬ್ಬಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಾಳಂತೆ, ಅವಳನ್ನೂ ಕೇಳ್ತೀನಿ. ಮೇಲೆಲ್ಲಾ ಥಳಕು ಒಳಗೆಲ್ಲಾ ಹುಳುಕು ಆದ್ರೆ ಏನ್ಮಾಡೋದು?"

ಅವನು ದಾರ ಹಲ್ಲಿನಿಂದ ಕಡಿದ. "ನನ್ನನ್ನ ಮದುವೆ ಆಗೋ ಮುಂಚೆ ಇಷ್ಟು ವಿಚಾರಿಸಿದ್ಯಾ ನೀನು?"

"ವಿಚಾರಿಸದೆ ಏನು? ನಿಮ್ಮ ಡಿಪೋದಲ್ಲೇ ಕೇಳ್ಸಿದ್ದೆ. ಎಲ್ರದ್ದೂ ಒಂದೇ ಮಾತು, ಪಾಪ, ಒಳ್ಳೆಯವನು ಅಂತ."

"ಸರಿಯಾಗೇ ಹೇಳಿದಾರೆ."

"ಹೂಂ. ಒಳ್ಳೆಯತನ ನಿಮ್ಮ ಪಾಲಿಗೆ ಹೋಯ್ತು, ಪಾಪ ನನ್ನ ಪಾಲಿಗೆ ಬಂತು."

ಅವನು ನಕ್ಕ. ಅವಳೂ ನಗುತ್ತಲೇ ಮೆಟ್ಟಿಲಿಳಿದಳು. ಬೀದಿಗೆ ಬರುವಷ್ಟರಲ್ಲಿ ಆ ಮಾತು ಮಾತ್ರ ನಾಲಿಗೆಯ ಮೇಲೆ ಕರಗದೆ ಉಳಿಯಿತು. ಪಾಪ. ಎಂಥ ಪದವಪ್ಪಾ ಇದು, ಮಾಡಿದರೆ ನರಕ, ಅನ್ನಿಸಿಕೊಂಡರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಬೆಳಗಿನ ಬೀದಿ ಈಗಷ್ಟೇ ಬಾಯಿ ಮುಕ್ಕಳಿಸಿದ ಹಾಗಿತ್ತು. ಅಂಗಡಿಗಳ ಬಿಳಿ ಬಾಗಿಲುಗಳು ಒಂದೊಂದಾಗಿ ಮೇಲೇಳುತ್ತಿದ್ದವು, ನಡುವೆ ತೆರೆಯದೇ ಉಳಿದ ಒಂದೊಂದು ಕಪ್ಪಗೆ ಕಾಣುತ್ತಿತ್ತು. ಎದುರು ಬರುವವರ ಕಣ್ಣು ನೋಡುವ ಅಭ್ಯಾಸ ಅವಳಿಗೆ ತಪ್ಪಿ ಎಷ್ಟೋ ಕಾಲವಾಗಿತ್ತು. ಕಣ್ಣು ಬಾಯಿಗೇ ಹೋಗುತ್ತಿತ್ತು. ಈತ ನಿದ್ದೆಯಲ್ಲಿ ಹಲ್ಲು ಮಸೆಯುತ್ತಾನೆ, ಈಕೆ ಒಂದೇ ಬದಿಯಲ್ಲಿ ಅಗಿಯುತ್ತಾಳೆ, ಆ ಮುದುಕ ನಗುವಾಗ ತುಟಿ ಬಿಡುವುದಿಲ್ಲ, ಸೆಟ್ಟು ಸಡಿಲವಿರಬೇಕು. ಯಾರೋ ಕಟ್ಟಿದ್ದು. ತಾನೇ ಕಟ್ಟಿದ್ದಿರಬಹುದು. ತಾನು ಕಟ್ಟಿ ಮಾಸ್ತರರು ತಿದ್ದಿದ್ದಿರಬಹುದು.

ಹಾಗೆ ನೋಡಿದರೆ ಮಾಸ್ತರರು ಒಂದು ದಿನವೂ ಅವಳಿಗೆ ಗದರಿದವರಲ್ಲ. ಮಗಳಿಗೆ ಜ್ವರ ಬಂದಾಗ ಏಕೆ ಏನು ಎಂದು ಕೇಳದೆ ಕಳಿಸಿಕೊಟ್ಟವರು. ಸೊಂಟನೋವೆಂದಾಗ ತಮ್ಮ ಕುರ್ಚಿಯ ದಿಂಬನ್ನೇ ತಂದಿಟ್ಟವರು. ಎರಡು ಕೋಣೆಯ ಅವರ ಲ್ಯಾಬಿನಲ್ಲಿ ಪ್ಲಾಸ್ಟರಿನ ಧೂಳು ಅವರ ಹುಬ್ಬಿನ ಮೇಲೆ ಕೂತು ಅವರು ಯಾವಾಗಲೂ ಏನನ್ನೋ ಕಂಡು ಅಚ್ಚರಿಪಟ್ಟವರ ಹಾಗೆ ಕಾಣುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಜೆ ತಾನು ಮೇಣದಲ್ಲಿ ಕೂರಿಸಿ ಹೋದ ಹಲ್ಲುಗಳು ಬೆಳಿಗ್ಗೆ ಬಂದು ನೋಡಿದರೆ ಒಂಚೂರು ಬೇರೆಯಾಗಿ ಕೂತಿರುತ್ತಿದ್ದವು. ಮೇಣವಲ್ಲವೇ, ಸೆಕೆಗೆ ಸರಿದಿರಬೇಕು ಎಂದುಕೊಂಡಿದ್ದಳು. ಚಳಿಗಾಲ ಬಂತು. ಆಗಲೂ ಸರಿಯುತ್ತಿದ್ದವು. ತನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಕನ್ನಡಕದವನ ಹತ್ತಿರ ಹೋಗಿ ಬಂದಳು. ಆಮೇಲೊಂದು ದಿನ ಸೂಜಿಯಿಂದ ಮೇಣದ ಮೇಲೆ ಒಂದು ಗೀರು ಎಳೆದಿಟ್ಟು ಹೋದಳು. ಬೆಳಿಗ್ಗೆ ಗೀರಿರಲಿಲ್ಲ, ಅದರ ಜಾಗದಲ್ಲಿ ಮೇಣ ಮಗುವಿನ ಕೆನ್ನೆಯಂತೆ ನುಣ್ಣಗಿತ್ತು. "ಮಾಸ್ತರ್, ಇದನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದರೆ, "ಯಾಕಮ್ಮಾ, ಚೆನ್ನಾಗೇ ಇದೆಯಲ್ಲ" ಎಂದು ಅವರು ಧೂಳಿನ ಹುಬ್ಬು ಇನ್ನಷ್ಟು ಮೇಲೆತ್ತಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವರು ಅವಳ ತಪ್ಪನ್ನು ತೆಗೆದುಬಿಡುತ್ತಿದ್ದರು, ಕೂದಲು ಯಾವುದು ಎಂದು ಮಾತ್ರ ತೋರಿಸುತ್ತಿರಲಿಲ್ಲ. ಒಂದು ಸಲ ಅವಳು ಪಾಲಿಶ್ ಯಂತ್ರದ ಹಿಂದೆ ಬಗ್ಗಿ ಏನೋ ಹುಡುಕುತ್ತಿದ್ದಾಗ, ಹೊರಕೋಣೆಯಲ್ಲಿ ಅವರು ದಂತವೈದ್ಯರಿಗೆ ಹೇಳುತ್ತಿದ್ದುದು ಕೇಳಿಸಿತ್ತು. "ಕೈ ಇನ್ನೂ ಅಷ್ಟು ಕೂತಿಲ್ಲ ಪಾಪ. ಹೇಳಿದ್ರೆ ನೊಂದ್ಕೊಳ್ತಾಳೆ. ನಾನೇ ಸರಿ ಮಾಡಿ ಕಳಿಸ್ತೀನಿ ಬಿಡಿ." ಆ ದನಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ, ಅವಳು ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಕರುಣೆಗೆ ಯಾರು ಏನು ಉತ್ತರ ಕೊಡುವುದು? ಅಂದಿನಿಂದ ಅವಳಿಗೆ ತನ್ನ ಕೈಗಳನ್ನು ಕಂಡರೆ ಒಂಥರಾ ನಾಚಿಕೆ. ಯಾರಾದರೂ ಅವನ್ನು ನೋಡಿದರೆ ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ದೊಡ್ಡ ಲ್ಯಾಬಿನ ಎದುರು ಒಂದು ಸಣ್ಣ ಪಾರ್ಕು, ಪಾರ್ಕಿನಲ್ಲಿ ಒಂದು ಕಲ್ಲುಬೆಂಚು. ಅವಳು ಪರ್ಸನ್ನು ತೊಡೆಯ ಮೇಲಿಟ್ಟು, ಯಾರನ್ನೋ ಕಾಯುವವಳ ಹಾಗೆ ಆಗಾಗ ಬೀದಿಯ ತುದಿ ನೋಡುತ್ತಾ ಕೂತಳು. ಊಟದ ಹೊತ್ತಿಗೆ ಗಾಜಿನ ಬಾಗಿಲು ತೆರೆದುಕೊಂಡಿತು. ಬಿಳಿ ಕೋಟಿನವರು ಎರಡೆರಡಾಗಿ ಮೂರುಮೂರಾಗಿ ಹೊರಗೆ ಬಂದು ಗೋಡೆಯ ನೆರಳಲ್ಲಿ ನಿಂತರು. ಬಿಸಿಲು, ನೆರಳು, ಬಿಳಿ ಕೋಟುಗಳು ಒಂದರೊಳಗೊಂದು ಕಲಸಿ, ಅವರೆಲ್ಲ ನೀರಿನಡಿಯಲ್ಲಿ ಓಡಾಡುತ್ತಿರುವ ಹಾಗೆ ಅವಳಿಗೆ ಕಾಣಿಸಿತು. ಒಂದು ಗುಂಪು ಏನನ್ನೋ ಹೇಳಿಕೊಂಡು ನಗುತ್ತಿತ್ತು. ಬಾಯಿ ತುಂಬಾ ಬಿಟ್ಟು ನಗುತ್ತಿದ್ದರು, ಹಿಂದಿನ ಹಲ್ಲು ಕಾಣುವ ಹಾಗೆ. ಒಳ್ಳೆಯ ಲಕ್ಷಣ ಎಂದುಕೊಂಡಳು. ಅಷ್ಟರಲ್ಲಿ ಬೂದು ಕೋಟಿನ, ದಪ್ಪ ಕನ್ನಡಕದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಭಾನುವಾರ ಪ್ಲಾಸ್ಟರು ಕೊಟ್ಟು ಹೋಗಿದ್ದವಳೇ. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಮುಖ್ಯಸ್ಥೆ ಇವಳೇ ಇರಬೇಕು. ನಗು ನಿಲ್ಲಲಿಲ್ಲ, ಆದರೆ ತಿರುಗಿತು. ಗಾಳಿ ದಿಕ್ಕು ಬದಲಿಸಿದಾಗ ಹೊಗೆ ತಿರುಗುತ್ತದಲ್ಲ, ಹಾಗೆ. ಅವಳ ಜೊತೆ ನಗುತ್ತಿದ್ದಾರೋ, ಅವಳಿಗಾಗಿ ನಗುತ್ತಿದ್ದಾರೋ? ಒಬ್ಬ ಗಂಡಸು ಮಾತ್ರ ದೂರದಲ್ಲಿ ಗೋಡೆಗೆ ಮುಖ ಮಾಡಿ ಬ್ರೆಡ್ಡು ತಿನ್ನುತ್ತಿದ್ದ. ಅವನನ್ನು ಹೊರಗಿಟ್ಟಿದ್ದಾರೋ, ಇಲ್ಲಾ ಒಬ್ಬನೇ ಇರಲು ಬಿಟ್ಟಿದ್ದಾರೋ? ಹೋದ ತಿಂಗಳು ಈ ಲ್ಯಾಬಿನ ಸೆಟ್ಟೊಂದು ಮಾಸ್ತರರ ಬಳಿಗೆ ರಿಪೇರಿಗೆ ಬಂದಿತ್ತು. ನಾಲಿಗೆಯ ಬದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆಯೂ ಅದಕ್ಕೆ ಪಾಲಿಶ್ ಹಾಕಿದ್ದರು. ಅಲ್ಲಿನವರಿಗೆ ಪುರುಸೊತ್ತಿದೆ ಎಂದು ಆಗ ಆಸೆಯಾಗಿತ್ತು. ಈಗ ಬೆಂಚಿನ ಮೇಲೆ ಕೂತಾಗ, ಅದು ಪುರುಸೊತ್ತಲ್ಲ, ಹೆದರಿಕೆಯೂ ಇರಬಹುದು ಎನಿಸಿತು. ಕಂಡದ್ದೆಲ್ಲ ಅಡ್ಡಗೋಡೆಯ ಮೇಲಿಟ್ಟ ದೀಪ, ಎರಡೂ ಕಡೆಗೆ ಬೆಳಕು. ಗಾಜಿನ ಬಾಗಿಲು ಮುಚ್ಚಿತು. ಅದರಲ್ಲಿ ಪಾರ್ಕೂ ಬೆಂಚೂ ಅದರ ಮೇಲೊಬ್ಬ ಹೆಂಗಸೂ ಕಂಡರು. ಆ ಹೆಂಗಸು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

ಲಾಂಡ್ರಿ ಎರಡು ಬೀದಿ ಆಚೆ. ಒಳಗೆ ಹಬೆ ತುಂಬಿ, ಮೇಲಿನ ಸರಿಗೆಗಳಿಗೆ ನೇತುಹಾಕಿದ ಅಂಗಿಗಳು ತಲೆಯಿಲ್ಲದ ಜನ ಸಭೆ ಸೇರಿದ ಹಾಗೆ ತೂಗುತ್ತಿದ್ದವು. ಇಸ್ತ್ರಿಯವಳು ಗುಂಗುರು ಕೂದಲಿನ ತೆಳ್ಳನೆಯ ಹೆಂಗಸು. ಹೇಳಿದ್ದನ್ನೆಲ್ಲ ಕೇಳಿಕೊಂಡು, ಇಸ್ತ್ರಿ ನಿಲ್ಲಿಸದೆ, "ಓಹೋ, ಅಲ್ಲಿಗೆ ಹೋಗ್ತಿದೀರಾ" ಎಂದಳು.

"ಹೋಗ್ಲೋ ಬೇಡ್ವೋ ಅಂತ. ನೀವು ಅಲ್ಲಿದ್ರಂತೆ. ಹೇಗೆ?"

"ಚೆನ್ನಾಗಿತ್ತು. ಗಾಳಿ ಬೆಳಕು ಎಲ್ಲಾ ಇದೆ. ಹೊತ್ತಿಗೆ ಸರಿಯಾಗಿ ಬಿಡ್ತಾರೆ."

"ಮತ್ತೆ ಯಾಕೆ ಬಿಟ್ರಿ?"

"ಇದೊಳ್ಳೆ ಕಥೆ. ಬಿಡೋದಕ್ಕೆಲ್ಲಾ ಕಾರಣ ಬೇಕಾ? ಇಲ್ಲಿ ಬಟ್ಟೆ ಮಾತಾಡಲ್ಲ, ಅದಕ್ಕೆ ಬಂದೆ."

"ಅಲ್ಲಿ ಮಾತಾಡ್ತಾರಾ?"

ಇಸ್ತ್ರಿಯವಳು ಅಂಗಿಯ ಕಾಲರನ್ನು ಎರಡು ಬೆರಳಿನಿಂದ ಬಿಡಿಸಿ ನೋಡಿದಳು. "ನಾನು ಒಂದ್ಸಲ ಒಂದು ಸೆಟ್ಟು ಕಟ್ಟಿದ್ದೆ. ದೊಡ್ಡಕ್ಕ ಅದನ್ನ ಎಲ್ರೆದುರಿಗೂ ಎತ್ತಿ ಹಿಡಿದು, ಇದು ಮನುಷ್ಯರ ಬಾಯಿಗೋ ಕುದುರೆ ಬಾಯಿಗೋ ಅಂದ್ಲು. ಎಲ್ರೂ ನಕ್ರು. ನಾನೂ ನಕ್ಕೆ. ಮನೆಗೆ ಹೋಗಿ ಊಟ ಮಾಡೋಕೆ ಕೂತ್ರೆ ಅಗಿಯೋಕೇ ಆಗ್ಲಿಲ್ಲ. ಮಾರನೇ ದಿನ ಅವಳೇ ಬಂದು, ಏನೇ ಮುಖ ಊದಿಸ್ಕೊಂಡಿದೀಯ, ಬಾ ತೋರಿಸ್ತೀನಿ ಅಂತ ಪಕ್ಕದಲ್ಲಿ ಕೂತು ಹೇಳ್ಕೊಟ್ಲು. ಹೇಳ್ಕೊಟ್ಟಿದ್ದು ನಿಜ, ಇಲ್ಲ ಅನ್ನಲ್ಲ. ಆದ್ರೂ ನಂಗಾಗ್ಲಿಲ್ಲಪ್ಪ." ಹಬೆ ಅವಳ ಮುಖ ಮುಚ್ಚಿತು, ಮತ್ತೆ ಬಿಟ್ಟುಕೊಟ್ಟಿತು. "ಒಳ್ಳೆಯವಳೇ, ಪಾಪ."

"ಪಾಪ ಯಾಕೆ?"

"ಹಾಗೇ ಒಂದು ಮಾತಿಗೆ ಅಂದೆ. ಇಷ್ಟೆಲ್ಲಾ ಕೆದಕಬೇಡ್ರಿ, ನಿಮ್ಮ ಸೆರಗೇ ಸುಕ್ಕಾಗಿದೆ, ಕೊಡಿ ಇಲ್ಲಿ."

ಅವಳು ಹೊರಗೆ ಬಂದು, ಎಲ್ಲಿಗೆ ಹೋಗುವುದೆಂದು ತಿಳಿಯದೆ ನಡೆದಳು. ಕುದುರೆಯ ಬಾಯಿ ಎಂದು ಎಲ್ಲರೆದುರು ಕೂಗುವ ಹೆಂಗಸು ತನ್ನ ಕೋರೆಹಲ್ಲನ್ನು ಕಂಡು ಮಾತ್ರ ಯಾಕೆ ಬಾಯಿ ಮುಚ್ಚಿಕೊಂಡಳು? ತನ್ನ ಮೋರೆಯಲ್ಲೇ ಏನಾದರೂ ಇದೆಯೇ, ನೋಡಿದವರಿಗೆಲ್ಲ ಅಯ್ಯೋ ಅನ್ನಿಸುವಂಥದ್ದು? ಗುಟ್ಟಾಗಿ ಆಗುವ ಅವಮಾನ ಒಂದು, ಎಲ್ಲರೆದುರು ಆಗುವ ಅವಮಾನ ಒಂದು, ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುವುದೆಂದು ನೋಡಲು ತಲೆನೋವಿನ ಸುಳ್ಳು ಹೇಳಿ ಬಂದಿದ್ದಾಳೆ. ನಿಜವಾದ ತಲೆನೋವು ಈಗ ಶುರುವಾಗುತ್ತಿತ್ತು. ಫೋನು ಬಡಿದುಕೊಂಡಿತು. ಗುರುತಿಲ್ಲದ, ಎಳೆಯ ಹೆಣ್ಣುದನಿ.

"ಅಕ್ಕಾ, ನಾನು ಈ ವರ್ಷ ಕೋರ್ಸ್ ಮುಗಿಸಿದೀನಿ. ನಿಮ್ಮ ಮಾಸ್ತರರು ಇನ್ನೊಬ್ಬರು ಬೇಕು ಅಂದಿದಾರೆ, ಕೆಲಸ ಜಾಸ್ತಿ ಆಗಿದೆಯಂತೆ. ದಂತವೈದ್ಯರ ಹತ್ರ ನಿಮ್ಮ ನಂಬರ್ ಇಸ್ಕೊಂಡೆ. ಸೇರೋ ಮುಂಚೆ ಒಂದು ಮಾತು ಕೇಳೋಣ ಅಂತ. ಅಲ್ಲಿ ಹೇಗೆ? ಅವರು ಹೇಗೆ?"

ಅವಳು ಬೀದಿಯ ಮಧ್ಯೆ ನಿಂತುಬಿಟ್ಟಳು. ಬಾಯಿ ತಾನಾಗಿ ತೆರೆದುಕೊಂಡಿತು. "ಒಳ್ಳೆಯವರು, ಪಾಪ" ಎಂದಿತು. "ಗದರೋದಿಲ್ಲ. ಮನೆ ಇದ್ದ ಹಾಗೆ." "ಅಷ್ಟು ಸಾಕು ಅಕ್ಕಾ, ಥ್ಯಾಂಕ್ಸ್" ಎಂದು ಹುಡುಗಿ ಫೋನಿಟ್ಟಳು. ಯಾರೋ ಸೈಕಲ್ಲಿನವನು ಗಂಟೆ ಬಾರಿಸಿ ಬೈದುಕೊಂಡು ಪಕ್ಕದಿಂದ ಹೋದ. ಮನೆ ಇದ್ದ ಹಾಗೆ. ಸುಳ್ಳೇನೂ ಅಲ್ಲ. ಮೊನ್ನೆ ಮೊನ್ನೆ ಮಗಳು ಶಾಲೆಗೆಂದು ರಟ್ಟಿನಲ್ಲಿ ಒಂದು ಮನೆ ಮಾಡಿದ್ದಳು. ಚಾವಣಿ ಒಂದು ಬದಿಗೆ ವಾಲಿ, ಗೋಡೆಯ ಅಂಟೆಲ್ಲ ಹೊರಗೆ ಸೋರಿತ್ತು. ಮಗಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವಳು ಚಾವಣಿ ಕಿತ್ತು ನೆಟ್ಟಗೆ ಕೂರಿಸಿ, ಅಂಟು ಒರೆಸಿ, ಏನೂ ಅರಿಯದವಳ ಹಾಗೆ ಒಲೆಯ ಮುಂದೆ ನಿಂತಿದ್ದಳು. ಒದ್ದೆ ಕೂದಲಿನಿಂದ ಬಂದ ಮಗು ಮನೆಯನ್ನು ತುಂಬಾ ಹೊತ್ತು ನೋಡಿತು. ಶಾಲೆಗೆ ಹೊರಡುವಾಗ ಅದನ್ನು ಮೇಜಿನ ಮೇಲೇ ಬಿಟ್ಟು ಹೋಯಿತು. "ಯಾಕೆ ಪುಟ್ಟಾ, ಮರ್ತ್ಯಾ?" ಎಂದು ಓಡಿಹೋಗಿ ಕೊಟ್ಟರೆ, "ಅದು ನಂದಲ್ಲ" ಎಂದಿತು. ಅಕ್ಕರೆಯಿಂದಲೇ ಮಾಡಿದ್ದು. ಮಾಸ್ತರರೂ ಅಕ್ಕರೆಯಿಂದಲೇ ಮಾಡಿದ್ದು. ಪಾಪ, ಪಾಪ ಎನ್ನುತ್ತಾ ಒಬ್ಬರು ಇನ್ನೊಬ್ಬರ ಕೈಯಿಂದ ಕೆಲಸವನ್ನೂ ಕೈಯನ್ನೂ ತೆಗೆದುಕೊಂಡುಬಿಡುತ್ತಾರೆ, ತೆಗೆದುಕೊಂಡದ್ದು ಗೊತ್ತಾಗದ ಹಾಗೆ. ಅವಳು ಗೋಡೆಗೆ ಒರಗಿ, ಆ ಗುರುತಿಲ್ಲದ ನಂಬರನ್ನು ಮತ್ತೆ ಒತ್ತಿದಳು.

"ನೋಡಮ್ಮಾ, ಆಗ ಪೂರ್ತಿ ಹೇಳ್ಲಿಲ್ಲ. ಅವರು ನಿನ್ನ ಕೆಲಸನ ನೀನಿಲ್ಲದಾಗ ತಿದ್ದುತ್ತಾರೆ. ತಿದ್ದಿದೀನಿ ಅಂತ ಹೇಳಲ್ಲ."

"ಆಮೇಲೆ?"

"ಆಮೇಲೇನಿಲ್ಲ. ಅಷ್ಟೇ."

"ಅಷ್ಟೇನಾ ಅಕ್ಕಾ? ನಾನೇನೋ ಅಂದ್ಕೊಂಡು ಹೆದರಿಬಿಟ್ಟೆ!" ಹುಡುಗಿ ಮನಸಾರೆ ನಕ್ಕಳು. "ನಮ್ಮ ತಪ್ಪು ಅವರೇ ಸರಿ ಮಾಡ್ತಾರೆ ಅಂದ್ರೆ ಆರಾಮಲ್ವಾ? ನಮ್ಮಣ್ಣ ಕೆಲಸ ಮಾಡೋ ಕಡೆ ತಪ್ಪಾದ್ರೆ ಮೈಮೇಲೆ ಫೈಲ್ ಎಸೀತಾರೆ."

ಅವಳು ಫೋನಿಟ್ಟಳು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಹೊರಗೆ ತೆಗೆದು ತೋರಿಸಿದರೆ ಅದು ಅಂಗೈಯಲ್ಲಿ ಇಷ್ಟೇ ಇಷ್ಟು ಕಾಣಿಸಿತು, ಗೋಧಿ ಕಾಳಿನಷ್ಟು. ಹಾಗಾದರೆ ತನ್ನದೇ ಅತಿಯಾಯಿತೇ? ಮಾಸ್ತರರ ಧೂಳಿನ ಹುಬ್ಬು, ತಾನಿಲ್ಲದೆ ಇವತ್ತು ಅವರೊಬ್ಬರೇ ಮೇಣ ಕಾಯಿಸುತ್ತಿರುವುದು, ಎಲ್ಲ ಕಣ್ಣ ಮುಂದೆ ಬಂದು, ಹಾಗೇ ಅಲ್ಲಿಗೇ ನಡೆದುಬಿಡೋಣ, ತಲೆನೋವು ಹೋಯಿತು ಮಾಸ್ತರ್ ಎನ್ನೋಣ ಎನಿಸಿತು. ಕಾಲು ಮಾತ್ರ ಬೇರೆ ದಿಕ್ಕಿಗೆ ಹೋಗುತ್ತಿತ್ತು. ಬಿಸಿಲು ಓರೆಯಾಗಿತ್ತು. ಬೀದಿಯ ಕಿಟಕಿಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿ, ಅವಳು ಯಾರದೋ ನಿದ್ದೆಯೊಳಗೆ ಸದ್ದು ಮಾಡದೆ ನಡೆಯುತ್ತಿದ್ದ ಹಾಗಿತ್ತು. ಇಡೀ ದಿನ ಊರೆಲ್ಲ ಕೇಳಿದಳಲ್ಲ, ಕೇಳಬೇಕಾದವರನ್ನು ಒಂದು ಮಾತು ಕೇಳಲಿಲ್ಲ. ಗಾಜಿನ ಬಾಗಿಲಿನಲ್ಲಿ ತನ್ನೆಡೆಗೆ ತಾನೇ ನಡೆದು ಬರುವುದನ್ನು ನೋಡುತ್ತಾ, ಆ ಹೆಂಗಸಿನ ಹೊಟ್ಟೆಯ ಮೇಲೆ ಕೈಯಿಟ್ಟು ತಳ್ಳಿದಳು.

ಒಳಗೆ ದೀಪಗಳು ಹೊತ್ತಿದ್ದವು. ಭಾನುವಾರ ಬಟ್ಟೆ ಹೊದ್ದು ಮಲಗಿದ್ದ ಮೇಜುಗಳ ಮುಂದೆಲ್ಲ ಜನ ಬಗ್ಗಿದ್ದರು. ದೊಡ್ಡಕ್ಕ ಕನ್ನಡಕವನ್ನು ಹಣೆಗೇರಿಸಿ ತಲೆಯೆತ್ತಿದಳು. "ಬಾಮ್ಮಾ. ಫೋನ್ ಮಾಡಿದ್ರೆ ಸಾಕಿತ್ತು. ಬರ್ತೀಯೋ ಇಲ್ವೋ?"

"ನಾನು ಕಟ್ಟಿದ್ದನ್ನ ಒಂದ್ಸಲ ನೋಡಬೇಕಿತ್ತು."

ದೊಡ್ಡಕ್ಕ ಎದ್ದಳು. ಕಪಾಟಿನಿಂದ ಸೆಟ್ಟನ್ನು, ಬಾಯಿಯ ಹಾಗೆ ಮುಚ್ಚಿ ತೆರೆಯುವ ಕೀಲಿನ ಚೌಕಟ್ಟಿನ ಸಮೇತ ತಂದು ದೀಪದ ಕೆಳಗಿಟ್ಟಳು. ಕಟ್ಟಿದವಳ ಕಣ್ಣು ನೇರವಾಗಿ ಎಡಗಡೆಗೆ ಹೋಯಿತು. ಕೋರೆಹಲ್ಲು ಇಟ್ಟ ಹಾಗೇ ಇತ್ತು. ಯಾರೂ ಮುಟ್ಟಿರಲಿಲ್ಲ. ಬಾಗಿಲ ಸಂದಿಯಿಂದ ಹೊರಗೆ ಇಣುಕುವ ಮಗುವಿನ ಹಾಗೆ ಓರೆಯಾಗಿ ನಿಂತಿತ್ತು. ಅವಳಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು.

"ಈ ಹಲ್ಲು ತಪ್ಪು ಕೂತಿದೆ."

"ಯಾವ್ದು, ಕೋರೆಹಲ್ಲಾ? ನಾನು ಮೊದಲು ನೋಡಿದ್ದೇ ಅದನ್ನ. ಅದಕ್ಕೇ ನಿನ್ನ ಕರೆಸಿದ್ದು. ಉಳಿದವೆಲ್ಲಾ ನೋಡು, ಶಾಲೆ ಮಕ್ಕಳು ಸಾಲಾಗಿ ನಿಂತ ಹಾಗಿವೆ. ಇದೊಂದು ಯಾರದೋ ಬಾಯಲ್ಲಿ ಹುಟ್ಟಿ ಬೆಳೆದ ಹಾಗಿದೆ. ನಿಜವಾದ ಬಾಯಲ್ಲಿ ಎಲ್ಲಾ ಹಲ್ಲೂ ನೆಟ್ಟಗಿರುತ್ತವಾ?"

"ನಾನು ಅದನ್ನ ಬೇಕಂತಲೇ ತಪ್ಪು ಮಾಡಿಟ್ಟೆ."

"ಬೇಕಂತ ಮಾಡಿದ್ರೆ ಅದು ತಪ್ಪು ಹೇಗಾಗುತ್ತೆ?"

"ಆಗುತ್ತೆ. ನೀವು ಹೇಳ್ತೀರೋ ಇಲ್ವೋ ನೋಡೋಣ ಅಂತ ಮಾಡಿದ್ದು. ಅದು ಕೆಳಗಿನ ಹಲ್ಲಿಗೆ ತಾಗುತ್ತೆ. ಆ ಬಾಯಿಯವರು ಅಗಿಯೋವಾಗೆಲ್ಲಾ ನೋವು ತಿನ್ನಬೇಕು."

"ತಾಗಲ್ಲ."

"ತಾಗುತ್ತೆ ಅಂತೀನಿ!" ತನ್ನ ದನಿ ಇಷ್ಟು ದೊಡ್ಡದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅಕ್ಕಪಕ್ಕದ ಮೇಜುಗಳಲ್ಲಿ ಚಾಕುಗಳು ನಿಂತವು. ಗೋಡೆಗೆ ಮುಖ ಮಾಡಿ ಬ್ರೆಡ್ಡು ತಿನ್ನುತ್ತಿದ್ದ ಗಂಡಸು ಎದ್ದು ಬಂದು, ಮೂಗನ್ನು ಹಲ್ಲಿಗೆ ತಾಗುವಷ್ಟು ಹತ್ತಿರ ತಂದು, "ತಾಗೋ ಹಾಗೆ ಕಾಣುತ್ತಪ್ಪ" ಎಂದ. ಮೊನ್ನೆಯ ಫೋನಿನ ದನಿ ಅವನದೇ. "ನೀನು ಸುಮ್ನಿರಯ್ಯ, ಕಾಗದ ತಾ" ಎಂದಳು ದೊಡ್ಡಕ್ಕ. ಕಚ್ಚು ಎಲ್ಲಿ ಬೀಳುತ್ತದೆಂದು ಗುರುತು ಹಿಡಿಯುವ ನೀಲಿ ಕಾಗದ ಬಂತು. ದೊಡ್ಡಕ್ಕ ಅದನ್ನು ಎರಡು ಸಾಲುಗಳ ನಡುವೆ ಇಟ್ಟು, ಕೀಲನ್ನು ಟಕ್ ಟಕ್ ಎಂದು ಮುಚ್ಚಿ ತೆರೆದು, ಅಕ್ಕಪಕ್ಕ ಆಡಿಸಿ, ಕಾಗದ ಎಳೆದಳು. ಎಲ್ಲರೂ ಬಗ್ಗಿದರು. ಕೋರೆಹಲ್ಲು ಬೆಳ್ಳಗಿತ್ತು. ಒಂದು ಚುಕ್ಕೆಯೂ ಇರಲಿಲ್ಲ. ನೀಲಿ ಕಲೆ ಬಿದ್ದದ್ದು ಬಲಗಡೆ, ಹಿಂದಿನ ದವಡೆಹಲ್ಲಿನ ಮೇಲೆ, ದಟ್ಟವಾಗಿ, ಹುಬ್ಬಿನ ನಡುವೆ ಇಟ್ಟ ಬೊಟ್ಟಿನ ಹಾಗೆ. ಭಾನುವಾರ ಅವಳು ಎರಡನೇ ಸಲ ನೋಡಿಯೂ ಇರದಿದ್ದ ಹಲ್ಲು ಅದು.

"ನೋಡಮ್ಮಾ" ಎಂದಳು ದೊಡ್ಡಕ್ಕ, ಎಲ್ಲರಿಗೂ ಕೇಳಿಸುವ ಹಾಗೆ, ಬೆರಳಿಟ್ಟು ತೋರಿಸಿ. "ನಿನ್ನ ತಪ್ಪು ಇಲ್ಲಿ ಕೂತಿದೆ, ನೀನು ಅಲ್ಲಿ ಹುಡುಕ್ತಾ ಜಗಳಕ್ಕೆ ಬಂದಿದೀಯ. ಇದು ನನಗೂ ಕಂಡಿರಲಿಲ್ಲ, ಆ ಕೋರೆಹಲ್ಲು ನೋಡಿ ಮೈಮರೆತಿದ್ದೆ. ಈ ಎತ್ತರದ ಹಲ್ಲು ಹಾಕ್ಕೊಂಡು ಅಳತೆ ಕೊಟ್ಟ ಮುದುಕಪ್ಪ ಒಂದು ತುತ್ತು ಅಗಿದ್ರೆ ಸೆಟ್ಟು ತಟ್ಟೇಲಿರುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಇಸ್ತ್ರಿಯವಳಿಗೆ ಅಗಿಯಲಾಗದೆ ಹೋದದ್ದು ಯಾಕೆಂದು ಈಗ ಅವಳಿಗೆ ತಿಳಿಯಿತು. ನೆಲ ಬಾಯಿ ಬಿಡಬಾರದೇ ಎಂದು ಕಾದಳು. ನೆಲ ಬಾಯಿ ಬಿಡಲಿಲ್ಲ, ಅವಳು ನಿಂತೇ ಇದ್ದಳು. ನಿಂತ ಹಾಗೇ ಇನ್ನೊಂದು ಯೋಚನೆ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತಿತು. ಹಾಗಾದರೆ ಮಾಸ್ತರರು ಸಂಜೆ ಸಂಜೆ ಒಬ್ಬರೇ ಕೂತು ತಿದ್ದುತ್ತಿದ್ದುದು ಇಂಥದ್ದನ್ನೇ ಇರಬಹುದು. ಅವರ ಕಣ್ಣಿಗೆ ಕಂಡದ್ದು ನಿಜವೇ ಇರಬಹುದು. ಎಷ್ಟು ಸಲ ತನ್ನದು ತಪ್ಪಿತ್ತು, ಎಷ್ಟು ಸಲ ಇರಲಿಲ್ಲ? ಆ ಹಲ್ಲುಗಳೆಲ್ಲ ಈಗ ಯಾರ ಯಾರದೋ ಬಾಯಿಯಲ್ಲಿ ಕೂತು ಊಟ ಮಾಡುತ್ತಿವೆ, ನಗುತ್ತಿವೆ. ಇನ್ನು ಅದು ಎಂದೆಂದಿಗೂ ತಿಳಿಯುವ ಹಾಗಿಲ್ಲ. ಅವರು ಒಂದೇ ಒಂದು ಸಲ ಬೆರಳಿಟ್ಟು ತೋರಿಸಿದ್ದರೆ! ಕಣ್ಣಲ್ಲಿ ನೀರು ಬಂತು. ಅದು ಅವಮಾನದ್ದೋ, ಮಾಸ್ತರರದ್ದೋ, ತನ್ನ ಕೈಗಳದ್ದೋ ಗೊತ್ತಾಗಲಿಲ್ಲ.

ದೊಡ್ಡಕ್ಕ ನೋಡುತ್ತಿದ್ದಳು. ಅವಳ ತುಟಿ ಏನನ್ನೋ ಹೇಳಲು ಬಿಚ್ಚಿತು. ಈಗ ಬರುತ್ತದೆ, ಈಗ ಆ ಎರಡಕ್ಷರ ಬರುತ್ತದೆ ಎಂದು ಅವಳು ಉಸಿರು ಬಿಗಿಹಿಡಿದಳು.

"ಅಳೋದಾದ್ರೆ ಆ ಕಡೆ ತಿರುಗಿ ಅಳು" ಎಂದಳು ದೊಡ್ಡಕ್ಕ. "ಮೇಣಕ್ಕೆ ನೀರು ಬಿದ್ರೆ ಹಲ್ಲು ಹಿಡಿಯಲ್ಲ."

ಅವಳಿಗೆ ನಗು ಬಂದುಬಿಟ್ಟಿತು. ಅಳುವಿನ ಮಧ್ಯದಿಂದಲೇ, ಬಾಯಿ ತುಂಬಾ. ಸೆರಗಿನಿಂದ ಕೈಗಳನ್ನು ಹೊರಗೆ ತೆಗೆದು, ಮುಖ ಒರೆಸಿಕೊಂಡು, ಹತ್ತಿರವಿದ್ದ ಕುರ್ಚಿ ಎಳೆದು ಕೂತಳು. "ಚಾಕು ಕೊಡಿ" ಎಂದಳು. ಬ್ರೆಡ್ಡಿನ ಗಂಡಸು ತನ್ನದನ್ನೇ ಕೊಟ್ಟ. ಅವಳು ಅದನ್ನು ಉರಿಯ ಮೇಲೆ ಹಿಡಿದು, ತುದಿ ಬಿಸಿಯಾಗುವವರೆಗೆ ಕಾದು, ದವಡೆಹಲ್ಲಿನ ಬುಡಕ್ಕೆ ಮೆಲ್ಲಗೆ ಒತ್ತಿದಳು. ಮೇಣ ಬೆವರಿತು. ತಲೆಗಳೆಲ್ಲ ಅವಳ ಕೈಯ ಮೇಲೆ ಬಗ್ಗಿ ನೆರಳು ಮಾಡಿದ್ದವು.

"ಸೋಮವಾರದಿಂದ ಬರ್ತೀಯೋ ಇಲ್ವೋ, ಅದನ್ನಾದ್ರೂ ಹೇಳು."

"ತಡೀರಿ" ಎಂದಳು ಅವಳು, ತಲೆಯೆತ್ತದೆ. "ಬೆಳಕಿಗೆ ಅಡ್ಡ ನಿಂತಿದೀರಿ. ಸ್ವಲ್ಪ ಆ ಕಡೆ ಸರೀರಿ."

ದೊಡ್ಡಕ್ಕ ಸರಿದಳು.